ಇಲ್ಲಿ ಎಣ್ಣೆ ಹಾಕಲಾಗುವುದು

“ಇನ್ನು ಮೇಲೆ ನಮ್ಮನೆ ಕಾರು ಪೆಟ್ರೋಲ್ ಬಂಕಿನ ಕಡೆ ತಲೆ ಹಾಕಿಯೂ ಮಲಗಲ್ಲ!”

ಹೀಗೆಂದು ಟಿಕ್‌ಟಿಕಣ್ಣನವರು ಊಟದ ಮೇಜನ್ನು ಗುದ್ದಿದಾಗ ಉಪ್ಪಿನ ಡಬ್ಬಿ ಉರುಳಿಬಿತ್ತು. ಮಹಾ ಪ್ರತಿಜ್ಞೆ ಎಂದ ಮೇಲೆ ಏನಾದರೊಂದು ಉರುಳಲೇಬೇಕಲ್ಲ! ಹೆಂಡತಿ ನರ್ಸಮ್ಮ ಡಬ್ಬಿಯನ್ನು ಎತ್ತಿ ನಿಲ್ಲಿಸಿ, ಚೆಲ್ಲಿದ ಉಪ್ಪನ್ನು ಬಾಚಿಕೊಂಡು, “ಮಲಗೋದು ಇರಲಿ, ಎದ್ದು ಓಡುತ್ತಾ?” ಎಂದು ಕೇಳಿದರು.

ಟಿಕ್‌ಟಿಕಣ್ಣ ಎಂದರೆ ಬೀದಿಯ ಮೂಲೆಯ ಗಡಿಯಾರ ರಿಪೇರಿಯವರು. ಅವರ ಅಂಗಡಿಯ ಮೇಲೆ ಅಪ್ಪನ ಕಾಲದ ಬೋರ್ಡೊಂದಿದೆ: “ಇಲ್ಲಿ ಎಣ್ಣೆ ಹಾಕಲಾಗುವುದು.” ಕೆಳಗೆ ಒಂದು ಗಡಿಯಾರದ ಚಿತ್ರವೂ ಇತ್ತು, ಬಿಸಿಲಿಗೆ ಅಳಿಸಿಹೋಗಿದೆ. ಗಡಿಯಾರದವರ ಭಾಷೆಯಲ್ಲಿ ಎಣ್ಣೆ ಹಾಕುವುದೆಂದರೆ ಸೂಜಿಯ ಮೊನೆಯಲ್ಲಿ ಒಂದೇ ಒಂದು ಚುಕ್ಕೆ ಎಣ್ಣೆಯನ್ನು ಚಕ್ರದ ಬುಡಕ್ಕೆ ಮುಟ್ಟಿಸುವುದು. ಉಳಿದ ಲೋಕ ಎಣ್ಣೆ ಹಾಕುವುದು ಗ್ಲಾಸಿನಲ್ಲಿ, ಸೋಡಾ ಬೆರೆಸಿ! ಈ ಎರಡನೆಯ ಅರ್ಥ ಟಿಕ್‌ಟಿಕಣ್ಣನವರ ತಲೆಗೆ ಐವತ್ತೆರಡು ವರ್ಷವಾದರೂ ಹೊಳೆದಿರಲಿಲ್ಲ. ಅವರು ಕುಡಿಯುವವರಲ್ಲ. ಬಾಗಿಲು ಕಿರುಗುಟ್ಟಿದರೂ, ಅತ್ತೆಯವರ ಮೊಣಕಾಲು ಲಟಕ್ಕೆಂದರೂ ಅವರದು ಒಂದೇ ಮದ್ದು: “ಒಂಚೂರು ಎಣ್ಣೆ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ!”

ಈಗ ಅವರು ಹಾಕಹೊರಟಿದ್ದು ಕಾರಿಗೆ. ಅದೂ ಮನೆಯಲ್ಲೇ ತಯಾರಿಸಿದ್ದು! ಕೊಳೆತ ಹಣ್ಣು, ಸಕ್ಕರೆ, ಬ್ರೆಡ್ಡಿಗೆ ಹಾಕುವ ಈಸ್ಟು, ಇಷ್ಟನ್ನು ಪೀಪಾಯಿಯಲ್ಲಿ ಹುಳಿಬರಿಸಿ ಭಟ್ಟಿ ಇಳಿಸಿದರೆ ಎಥೆನಾಲ್ ಬರುತ್ತದೆ, ಅದರಲ್ಲಿ ಎಂಜಿನ್ನು ಜುಮ್ಮೆಂದು ಓಡುತ್ತದೆ ಎಂದು ಅವರು ಎಲ್ಲೋ ಓದಿದ್ದರು. ಪೂರ್ತಿ ಓದಿರಲಿಲ್ಲ. ಅರ್ಧಕ್ಕೇ ಉತ್ಸಾಹ ಉಕ್ಕಿ ಪುಸ್ತಕ ಮುಚ್ಚಿಬಿಟ್ಟಿದ್ದರು.

ಉತ್ಸಾಹಕ್ಕೆ ಕಾರಣವೂ ಇತ್ತು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದ ನರ್ಸಮ್ಮನವರಿಗೆ ಗುಡ್ಡದಾಚೆಯ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿತ್ತು. ಷರತ್ತು ಒಂದೇ. ಕರೆದ ಹೊತ್ತಿಗೆ ತಾವೇ ಕಾರು ಓಡಿಸಿಕೊಂಡು ಬರಬೇಕು. ಮಕ್ಕಳು ಬಸ್ಸಿನ ವೇಳಾಪಟ್ಟಿ ನೋಡಿಕೊಂಡು ಹುಟ್ಟುವುದಿಲ್ಲವಲ್ಲ! ಮುಂದಿನ ವಾರ ಕಳೆದು ಬರುವ ಸೋಮವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಹೆಂಡತಿ ದಿನಾ ಅಷ್ಟು ದೂರ ಹೋಗಿಬರುವಾಗ ಟ್ಯಾಂಕಿನ ಮುಳ್ಳು ಕೆಳಗಿಳಿಯಿತೆಂದು ಅವಳ ಮುಖ ಬಾಡಬಾರದು, ಟ್ಯಾಂಕು ಸದಾ ತುಂಬಿರಬೇಕು, ತುಂಬುವ ಕೈ ತನ್ನದಾಗಿರಬೇಕು. ಇದು ಟಿಕ್‌ಟಿಕಣ್ಣನವರ ಹೃದಯದ ಮಾತು. ಹೃದಯ ಚಿನ್ನದಂಥದ್ದೇ. ಕಷ್ಟವೆಲ್ಲ ಕೈಯದು!

“ರೀ, ಇಲ್ಲಿ ಕೇಳಿ,” ಎಂದರು ನರ್ಸಮ್ಮ. “ಎರಡು ಸಲ ಟೆಸ್ಟಲ್ಲಿ ಫೇಲಾಗಿದ್ದೀನಿ. ಮೊದಲನೇ ಸಲ ಯಾಕೆ ಫೇಲಾದೆ?”

“ಅದು… ನಾನು ಹಿಂದಿನ ಸೀಟಲ್ಲಿ ಕೂತು ‘ಗೇರು, ಗೇರು’ ಅಂತ ಸ್ವಲ್ಪ…”

“ಸ್ವಲ್ಪನಾ? ಇನ್ಸ್‌ಪೆಕ್ಟರು ಕಿವಿ ಮುಚ್ಕೊಂಡ್ರು! ಎರಡನೇ ಸಲ?”

“ಬ್ರೇಕು ಸ್ವಲ್ಪ ಬಿಗಿ ಇತ್ತು, ಅದಕ್ಕೇ ಎಣ್ಣೆ…”

“ಬ್ರೇಕಿಗೆ ಎಣ್ಣೆ! ಗೋಡೆ ಇತ್ತು ಬಚಾವಾದೆ. ಮುಂದಿನ ವಾರ ಗುರುವಾರ ಮೂರನೇ ಸಲ. ನೀವು ಪೀಪಾಯಿಯಲ್ಲಿ ಏನು ಬೇಕಾದ್ರೂ ಕೊಳೆಹಾಕಿ. ಆದ್ರೆ ಟೆಸ್ಟ್ ಮುಗಿಯೋವರೆಗೂ ಕಾರನ್ನ ಮುಟ್ಟಬೇಡಿ. ಮಾತು ಕೊಡಿ.”

“ಮುಟ್ಟಲ್ಲ ಕಣೇ! ಮುಟ್ಟಿದ್ರೆ ಕೇಳು!”

ಪೀಪಾಯಿ ಬಚ್ಚಲುಮನೆಯಲ್ಲಿ ಪ್ರತಿಷ್ಠಾಪನೆಯಾಯಿತು. ಹಣ್ಣಿನಂಗಡಿಯವಳು ತಿಪ್ಪೆಗೆ ಹೋಗಬೇಕಾಗಿದ್ದ ಎರಡು ಬುಟ್ಟಿ ಹಣ್ಣನ್ನು ಕೊಟ್ಟು, “ಅಣ್ಣಾ, ಎಷ್ಟು ಜನ ಇದೀರಾ ಮನೇಲಿ?” ಎಂದು ಕನಿಕರದಿಂದ ಕೇಳಿದಳು. ಮೂರನೆಯ ದಿನಕ್ಕೆ ಪೀಪಾಯಿಗೆ ಜೀವ ಬಂತು. ಗುಳುಗುಳು, ಬುಳುಕ್, ಗುಳುಗುಳು! ಅತ್ತೆಯವರು ಬಕೆಟ್ಟು ಹಿಡಿದು ಬಚ್ಚಲಿನ ಬಾಗಿಲಲ್ಲಿ ಕಾದು ಕಾದು ಸುಸ್ತಾದರು.

“ಅಳಿಯಂದ್ರೇ, ಒಳಗೆ ಯಾರೋ ಬಾಯಿ ಮುಕ್ಕಳಿಸ್ತಿದ್ದಾರೆ. ಬೆಳಿಗ್ಗೆಯಿಂದ ಮುಗಿದೇ ಇಲ್ಲ! ಎಷ್ಟು ಹಲ್ಲಿದೆ ಅವರಿಗೆ?”

“ಅದು ಎಣ್ಣೆ ಆಗ್ತಾ ಇದೆ ಅತ್ತೆ.”

“ಎಣ್ಣೆ ಸ್ನಾನಾನಾ? ಹಾಗಾದ್ರೆ ತಡ ಆಗುತ್ತೆ ಬಿಡಿ,” ಎಂದು ಅತ್ತೆ ವಾಪಸು ಹೋದರು.

ಆಮೇಲೆ ಕುಕ್ಕರಿನ ಸರದಿ. ಸೀಟಿ ಇರಬೇಕಾದ ಕಡೆ ತಾಮ್ರದ ಕೊಳವೆ ಸಿಕ್ಕಿಸಿ, ಅದನ್ನು ತಣ್ಣೀರಿನ ಬಕೆಟ್ಟಿನಲ್ಲಿ ಸುತ್ತು ಹಾಕಿಸಿ, ಟಿಕ್‌ಟಿಕಣ್ಣನವರು ಅಡುಗೆಮನೆಯನ್ನು ನಾಲ್ಕು ದಿನ ಆಕ್ರಮಿಸಿಕೊಂಡರು. ಮನೆಮಂದಿಗೆ ನಾಲ್ಕು ದಿನವೂ ಬ್ರೆಡ್ಡೇ ಗತಿ. ಹನಿ ಹನಿಯಾಗಿ ತಿಳಿನೀರಿನಂಥ ದ್ರವ ಬಾಟಲಿಗೆ ಇಳಿಯಿತು. ಕಡ್ಡಿ ಗೀರಿ ಹಿಡಿದರೆ ನೀಲಿ ಉರಿ! ನೀರಿನಂಶ ಎಷ್ಟು ಉಳಿದಿದೆ ಎಂದು ನೋಡಲು ಬೇರೆ ಸಾಧನವಿಲ್ಲದೆ ಅವರು ನಾಲಿಗೆಯನ್ನೇ ಒಡ್ಡಿದರು. ಒಂದು ಚಮಚ, ಆಮೇಲೆ ಖಾತರಿಗೆ ಇನ್ನೊಂದು. ಇದೆಲ್ಲ ಶುದ್ಧ ವಿಜ್ಞಾನ!

ಬುಧವಾರ ಮಧ್ಯಾಹ್ನ ನರ್ಸಮ್ಮ ಡ್ಯೂಟಿಯಲ್ಲಿದ್ದರು. ಶೆಡ್ಡಿನಲ್ಲಿ ಆಮೆ ಒಂಟಿಯಾಗಿ ನಿಂತಿತ್ತು. ಆಮೆ ಎಂದರೆ ಅವರ ಹಸಿರು ಬಣ್ಣದ ಹಳೇ ಕಾರು; ರೂಪಕ್ಕೂ ವೇಗಕ್ಕೂ ಸೇರಿಸಿ ಇಟ್ಟ ಹೆಸರು. ಬಾಟಲಿಗಳು ಸಾಲಾಗಿ ಮಿನುಗುತ್ತಿದ್ದವು. ಟಿಕ್‌ಟಿಕಣ್ಣನವರ ಕೈ ಕಡಿಯಿತು. ಮಾತು ಕೊಟ್ಟದ್ದು ನೆನಪಿಗೆ ಬಂತು. ಅದರ ಹಿಂದೆಯೇ ಒಂದು ಮಹತ್ತರವಾದ ಕಾನೂನಿನ ಅಂಶವೂ ಹೊಳೆಯಿತು. ಮುಟ್ಟಬಾರದು ಎಂದಿದ್ದಾಳೆ. ಚಿಮಟದಿಂದ ಹಿಡಿದರೆ ಮುಟ್ಟಿದಂತಾಯಿತೇ?

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಗಡಿಯಾರ ಬಿಚ್ಚುವ ಸ್ಕ್ರೂಡ್ರೈವರುಗಳನ್ನು ಹಿಡಿದು ಅವರು ಕಾರ್ಬುರೇಟರಿನೊಳಗೆ ಇಳಿದರು. ಅಲ್ಲಿ ಜೆಟ್ಟು ಎಂಬುದೊಂದಿದೆ. ಇಂಧನ ಒಳಗೆ ಹೋಗುವ ಕೂದಲೆಳೆಯಷ್ಟು ತೂತು. ಎಥೆನಾಲಾದರೆ ಜಾಸ್ತಿ ಬೇಕು, ತೂತು ಹಿಗ್ಗಬೇಕು. ಹಿಗ್ಗಿಸಿದರು. ನಿಜ ಹೇಳಬೇಕೆಂದರೆ ಆ ಕೆಲಸ ಬಹಳ ಚೆನ್ನಾಗಿತ್ತು; ಅಷ್ಟು ದುಂಡನೆಯ ತೂತನ್ನು ಕಾರ್ಖಾನೆಯವರೂ ಕೊರೆದಿರಲಾರರು. ಆಮೇಲೆ ಟ್ಯಾಂಕಿನಲ್ಲಿದ್ದ ಪೆಟ್ರೋಲಿನ ಮೇಲೇ ಬಾಟಲಿಗಳನ್ನು ಬಗ್ಗಿಸಿ ಕೀಲಿ ತಿರುಗಿಸಿದರು. ಆಮೆ ಜುಮ್ಮೆಂದಿತು! ಹತ್ತು ಸೆಕೆಂಡು, ಗಡಿಯಾರ ನೋಡಿ ಲೆಕ್ಕ ಹಾಕಿದ ಹತ್ತು ಸೆಕೆಂಡು! ಟಿಕ್‌ಟಿಕಣ್ಣನವರ ಕಣ್ಣಲ್ಲಿ ನೀರು ಬಂತು. ಹನ್ನೊಂದನೆಯ ಸೆಕೆಂಡಿಗೆ ಮೊದಲೇ ಎಂಜಿನ್ನು ಆರಿಸಿ ಬಾನೆಟ್ಟು ಮುಚ್ಚಿದ್ದರಿಂದ ಮುಂದಿನ ಸಂಗತಿ ಅವರಿಗೆ ತಿಳಿಯಲಿಲ್ಲ. ನೀರು ಬೆರೆತ ಎಥೆನಾಲು ಪೆಟ್ರೋಲಿನ ಜೊತೆ ಸಂಸಾರ ಮಾಡುವುದಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಅದು ಕೆಳಗೆ, ಇದು ಮೇಲೆ, ಮಾತುಕತೆ ಬಂದ್! ಇದು ಅವರು ಓದದೆ ಬಿಟ್ಟ ಅರ್ಧದಲ್ಲಿತ್ತು.

ಗುರುವಾರ ಬೆಳಿಗ್ಗೆ ಕೊನೆಯ ಬಾಟಲಿಯನ್ನೂ ರುಚಿ ನೋಡಿ ಟ್ಯಾಂಕಿಗೆ ಸುರಿದರು. ಅವಸರದಲ್ಲಿ ಅರ್ಧ ಟ್ಯಾಂಕಿನೊಳಗೆ, ಅರ್ಧ ಕಾರಿನ ಮೇಲೆ. ನರ್ಸಮ್ಮ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು ಮೂಗರಳಿಸಿದರು.

“ಏನ್ರೀ ವಾಸನೆ?”

“ಅದು… ಸ್ಪಿರಿಟ್ ಹಾಕಿ ಒರೆಸಿದೆ. ಕಾರು ಪಳಪಳ ಅನ್ಲಿ ಅಂತ.”

ಸ್ಪಿರಿಟ್ಟಿನ ವಾಸನೆಯಲ್ಲೇ ಬಾಳು ಸವೆಸಿದವರು ನರ್ಸಮ್ಮ. ಅವರಿಗೆ ಸಂಶಯ ಬರುವ ಬದಲು ಪ್ರೀತಿ ಬಂತು. “ನೀವೂ ಒಂದೊಂದು ಸಲ ಒಳ್ಳೆ ಕೆಲಸ ಮಾಡ್ತೀರಪ್ಪ,” ಎಂದು ಗಂಡನ ಕಾಲರು ಸರಿಮಾಡಿದರು. ಟಿಕ್‌ಟಿಕಣ್ಣನವರಿಗೆ ನಿಂತ ನೆಲ ಬಿರಿಯಬಾರದೇ ಎನ್ನಿಸಿತು.

ದಾರಿಯುದ್ದಕ್ಕೂ ಆಮೆ ಕೆಮ್ಮಿತು, ಸೀನಿತು, ಬಿಕ್ಕಳಿಸಿತು. ಅಂತೂ ಟೆಸ್ಟಿನ ಮೈದಾನ ಮುಟ್ಟಿತು. ಇನ್ಸ್‌ಪೆಕ್ಟರು ದಪ್ಪ ಕನ್ನಡಕದ ಗಂಭೀರ ಮನುಷ್ಯ. ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟವರು ಹಾಗೇ ನಿಂತು ಗಾಳಿ ಮೂಸಿದರು. ಬೇಲಿಯ ಬಳಿ ನಿಂತಿದ್ದ ಟಿಕ್‌ಟಿಕಣ್ಣನವರನ್ನು ಬೆರಳಾಡಿಸಿ ಕರೆದರು.

“ಏನ್ರೀ, ಎಣ್ಣೆ ಹಾಕಿದೀರಾ?”

ಟಿಕ್‌ಟಿಕಣ್ಣನವರ ಮುಖ ಅರಳಿತು! ಗುಟ್ಟು ರಟ್ಟಾದ ಭಯಕ್ಕಿಂತ ಗುಣಗ್ರಾಹಿ ಸಿಕ್ಕ ಸಂತೋಷವೇ ಹೆಚ್ಚಾಯಿತು.

“ಹಾಕಿದೀನಿ ಸಾರ್! ಮೂಗು ಅಂದ್ರೆ ನಿಮ್ಮದು ಬಿಡಿ! ಮನೇಲೇ ಇಳಿಸಿದ್ದು!”

“ಮನೇಲೇ? ಯಾವಾಗ ಹಾಕಿದ್ರಿ?”

“ನಿನ್ನೆ ಮಧ್ಯಾಹ್ನ ಹಾಕಿದ್ದೆ. ಸಾಲ್ದು ಅಂತ ಬೆಳಿಗ್ಗೆ ಎದ್ದು ಇನ್ನೊಂದು ಬಾಟ್ಲಿ ಹಾಕ್ದೆ.”

“ಒಂದು ಬಾಟ್ಲಿ! ಬೆಳಿಗ್ಗೆ ಬೆಳಿಗ್ಗೆ! ಮನೇಲಿ ಯಾರೂ ಏನೂ ಅನ್ನಲ್ವಾ?”

“ಇವಳಿಗೋಸ್ಕರವೇ ಹಾಕಿದ್ದು ಸಾರ್! ಇವತ್ತು ಇವಳ ಟೆಸ್ಟು, ಎಣ್ಣೆ ಇಲ್ದೆ ಹೇಗೆ ಓಡಿಸ್ತಾಳೆ?”

ಇನ್ಸ್‌ಪೆಕ್ಟರು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಊದುವ ಯಂತ್ರ ಬಂತು. ನರ್ಸಮ್ಮ ಊದಿದರು, ಸೊನ್ನೆ. ಟಿಕ್‌ಟಿಕಣ್ಣನವರು ಊದಿದರು. ಯಂತ್ರ ಕಿರುಚಿಕೊಂಡಿತು!

“ನಾನಲ್ಲ ಸಾರ್, ಕಾರು! ಎಣ್ಣೆ ಹಾಕಿದ್ದು ಕಾರಿಗೆ! ನಾನು ಬರೀ ಚಮಚದಲ್ಲಿ…” ಎನ್ನುತ್ತ ಅವರು ಪೀಪಾಯಿಯಿಂದ ಹಿಡಿದು ಚಿಮಟದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಕ್ಕಿಬಿಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ತಿರುಗಬಾರದಾಗಿತ್ತು. ನರ್ಸಮ್ಮ ಕೂಗಾಡಲಿಲ್ಲ. ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತಿದ್ದರು.

“ಮುಟ್ಟಲ್ಲ ಅಂದಿದ್ರಿ,” ಎಂದರು ಮೆಲ್ಲಗೆ.

ಚಿಮಟದ ವಾದ ಟಿಕ್‌ಟಿಕಣ್ಣನವರ ಕೈಯಿಂದಲೇ ಜಾರಿಬಿತ್ತು. “ತಪ್ಪೆಲ್ಲಾ ನಂದೇ ಸಾರ್,” ಎಂದು ಅವರು ಕೈಮುಗಿದರು. “ಬೇಕಾದ್ರೆ ನನ್ನ ಲೈಸೆನ್ಸ್ ಕಿತ್ಕೊಳ್ಳಿ. ಇವಳನ್ನ ಫೇಲ್ ಮಾಡ್ಬೇಡಿ. ಇಪ್ಪತ್ತು ವರ್ಷ ಕಾದಿದ್ದಾಳೆ ಆ ಕೆಲಸಕ್ಕೆ.” 

“ನೋಡಿ, ಟೆಸ್ಟಿಗೆ ಬಂದವರು ತಾವು ತಂದ ಗಾಡೀನೇ ಓಡಿಸ್ಬೇಕು. ಇಲ್ಲಾಂದ್ರೆ ಮೂರು ತಿಂಗಳು ಬಿಟ್ಟು ಬನ್ನಿ,” ಎಂದರು ಇನ್ಸ್‌ಪೆಕ್ಟರು.

ನರ್ಸಮ್ಮ ಸೀಟ್‌ಬೆಲ್ಟು ಬಿಗಿದುಕೊಂಡರು. “ಕೂತ್ಕೊಳ್ಳಿ ಸಾರ್. ಓಡಿಸ್ತೀನಿ.”

ಮೈದಾನದ ಕೊನೆಯಲ್ಲಿ ಒಂದು ಏರು. ಟೆಸ್ಟಿಗೆ ಬಂದವರ ಗುಂಡಿಗೆ ನಿಲ್ಲುವ ಜಾಗ ಅದು. ಸರಿಯಾಗಿ ಅಲ್ಲೇ, ಅರ್ಧ ಏರಿನಲ್ಲಿ, ಆಮೆ ಒಂದು ಸಲ ಮೈ ಒದರಿ ತಣ್ಣಗಾಯಿತು. ಬೇಲಿಯಾಚೆ ನಿಂತ ಟಿಕ್‌ಟಿಕಣ್ಣನವರು “ಗೇರು!” ಎಂದು ಕೂಗಲು ಬಾಯಿ ತೆರೆದು, ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದುಕೊಂಡರು.

ಕಾರಿನೊಳಗೆ ನಡೆದದ್ದನ್ನು ಆಮೇಲೆ ಇನ್ಸ್‌ಪೆಕ್ಟರೇ ಹತ್ತು ಜನಕ್ಕೆ ಹೇಳಿದರಂತೆ. ನರ್ಸಮ್ಮ ಗಾಬರಿಯಾಗಲಿಲ್ಲ. ಕೈಬ್ರೇಕು ಎಳೆದು, ಡ್ಯಾಶ್‌ಬೋರ್ಡು ಸವರುತ್ತ, ಹೆರಿಗೆ ವಾರ್ಡಿನ ದನಿಯಲ್ಲಿ, “ಏನೂ ಆಗಲ್ಲ ಕಂದಾ, ಹೆದರ್ಕೋಬೇಡ. ಉದ್ದಕ್ಕೆ ಉಸಿರು ತಗೋ. ಅವಸರ ಇಲ್ಲ,” ಎಂದರು. ಚೋಕನ್ನು ಅರ್ಧ ಎಳೆದು, ಎಣಿಸಿ ಎಣಿಸಿ ತಡೆದು, ಕೀಲಿ ತಿರುಗಿಸಿದರು. “ಹಾಂ, ಈಗ! ಮುಕ್ಕು! ಇನ್ನೊಂಚೂರು! ಬಂತು ಬಂತು ಬಂತು!” ಆಮೆ ಕಿಟಾರನೆ ಕಿರುಚಿ ಉಸಿರಾಡಿತು! ಹಿಂದಕ್ಕೆ ಒಂದು ಬೆರಳಷ್ಟೂ ಜಾರದೆ ಏರು ಹತ್ತಿತು. ಮೈದಾನ ಸುತ್ತುವುದರೊಳಗೆ ಇನ್ನೂ ನಾಲ್ಕು ಸಲ ನಿಂತಿತು, ನಾಲ್ಕು ಸಲವೂ ಸುಖಪ್ರಸವವಾಯಿತು.

ಇನ್ಸ್‌ಪೆಕ್ಟರು ಹಣೆ ಒರೆಸಿಕೊಂಡು ಇಳಿದರು. “ಚೆನ್ನಾಗಿರೋ ಗಾಡೀನ ಯಾರು ಬೇಕಾದ್ರೂ ಓಡಿಸ್ತಾರೆ. ಕುಡಿದ ಗಾಡೀನ ಇಷ್ಟು ನೆಟ್ಟಗೆ ಓಡಿಸಿದವರನ್ನ ನಾನು ನೋಡಿಲ್ಲ. ಪಾಸ್!”

“ನೋಡಿದ್ಯೇನೇ!” ಟಿಕ್‌ಟಿಕಣ್ಣನವರು ಬೇಲಿ ಹಾರುವುದೊಂದು ಬಾಕಿ. “ನಾನು ಎಣ್ಣೆ ಹಾಕಿದ್ದಕ್ಕೇ…”

ಹೆಂಡತಿಯ ಕಣ್ಣು ನೋಡಿ ಉಳಿದ ಮಾತನ್ನು ನುಂಗಿಕೊಂಡರು.

ಮನೆಯ ದಾರಿಯಲ್ಲಿ ನರ್ಸಮ್ಮ ಸ್ಟೀರಿಂಗು ಹಿಡಿದಿದ್ದರು. ಟಿಕ್‌ಟಿಕಣ್ಣನವರು ಹಿಂದಿನ ಸೀಟಿನಲ್ಲಿ ತುಟಿ ಹೊಲಿದುಕೊಂಡು ಕೂತಿದ್ದರು. ಸರಿಯಾಗಿ ಅವರ ಅಂಗಡಿಯ ಎದುರಿಗೇ ಆಮೆ ಆ ದಿನದ ಮಟ್ಟಿಗೆ ಪೂರ್ತಿ ಕೈಚೆಲ್ಲಿತು. ಯಜಮಾನರು ಇಳಿದು, ಅಂಗಿಯ ತೋಳು ಮಡಿಸಿ ಹಿಂದಿನಿಂದ ನೂಕತೊಡಗಿದರು. ನರ್ಸಮ್ಮ ಕಿಟಕಿಯಿಂದ ತಲೆ ಹೊರಹಾಕಿದರು.

“ಉದ್ದಕ್ಕೆ ಉಸಿರು ತಗೊಳ್ಳಿ! ಹಾಂ, ಈಗ ಮುಕ್ಕಿ! ಇನ್ನೊಂಚೂರು!”

ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಸಂಜೆಯ ಹೊತ್ತಿಗೆ ಟಿಕ್‌ಟಿಕಣ್ಣ ಮನೆಯಲ್ಲೇ ಎಣ್ಣೆ ಇಳಿಸುವ ಸುದ್ದಿ ನಾಲ್ಕು ಬೀದಿ ದಾಟಿತ್ತು. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆಯುವಾಗ ಅಂಗಡಿಯ ಮುಂದೆ ಏಳು ಜನ ಬೋರ್ಡು ಓದಿಕೊಂಡು ಕಾಯುತ್ತಿದ್ದರು. ಒಬ್ಬರ ಕೈಯಲ್ಲೂ ಗಡಿಯಾರವಿರಲಿಲ್ಲ. ಎಲ್ಲರ ಕೈಯಲ್ಲೂ ಖಾಲಿ ಬಾಟಲಿ!

ಸೋಮವಾರ ಟ್ಯಾಂಕು ತೊಳೆಸಿ, ಹೊಸ ಜೆಟ್ಟು ಹಾಕಿಸಿ, ಭರ್ತಿ ಪೆಟ್ರೋಲು ತುಂಬಿಸಿಕೊಂಡು ನರ್ಸಮ್ಮ ಗುಡ್ಡದಾಚೆಗೆ ಹೊರಟರು. ಹೋಗುವ ಮುಂಚೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಸ್ಟೂಲು ಹತ್ತಿ, ಆಸ್ಪತ್ರೆಯ ಕೆಂಪು ಬಣ್ಣದಲ್ಲಿ ಬೋರ್ಡಿನ ಮೇಲೆ ಎರಡು ಪದ ಸೇರಿಸಿದರು. ಈಗ ಅದನ್ನು ಹೀಗೆ ಓದಿಕೊಳ್ಳಬೇಕು: “ಇಲ್ಲಿ ಗಡಿಯಾರಕ್ಕೆ ಮಾತ್ರ ಎಣ್ಣೆ ಹಾಕಲಾಗುವುದು.”

ಟಿಕ್‌ಟಿಕಣ್ಣನವರು ಭೂತಗನ್ನಡಿ ಹಣೆಗೇರಿಸಿ ನೋಡಿ, ಮುಖ ಸಪ್ಪೆ ಮಾಡಿಕೊಂಡು, “ಅಪ್ಪನ ಕಾಲದ ಬೋರ್ಡು ಕಣೇ. ಆ ‘ಮಾತ್ರ’ ಬೇಕೇ ಬೇಕಿತ್ತಾ?” ಎಂದರು.

“ಏನ್ಮಾಡೋದ್ರೀ, ನಿಮ್ಮ ಕಾಯಿಲೆಗೆ ಮಾತ್ರೆ ಇಲ್ಲ,” ಎಂದರು ನರ್ಸಮ್ಮ, ಕೈಗಂಟಿದ ಬಣ್ಣ ಒರೆಸಿಕೊಳ್ಳುತ್ತ. “ಅದಕ್ಕೇ ಒಂದು ಎತ್ವ ಕಮ್ಮಿ ಮಾಡಿ ಬರೆದುಕೊಟ್ಟಿದ್ದೀನಿ.”