ವಿಕಿರಣಶೀಲ ತಂಗಿ

ನಾನು ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಇದು ಜಂಬದ ಮಾತಲ್ಲ, ತರಬೇತಿಯ ಫಲ. ಕಾಲೇಜಿನ ಮೂರು ವರ್ಷವೂ ಚರ್ಚಾ ತಂಡದಲ್ಲಿದ್ದೆ. ಎದುರಾಳಿಯ ಮಾತನ್ನು ಅರ್ಧಕ್ಕೇ ಹಿಡಿದು ಅಲ್ಲೇ ಕೆಡವುವುದು ನನಗೆ ವಹಿಸಿದ ಕೆಲಸ. ಆಗ ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಬಟ್ಟೆ ಕ್ಲಿಪ್ಪು ಹಾಕಿಡುತ್ತಾಳೆ. ಆದರೂ ಅಭ್ಯಾಸ ಹೋಗಿಲ್ಲ. ಯಾರು ಏನೇ ಹೇಳಲಿ, ‘ಆಧಾರ ಏನು?’ ಎಂದು ಕೇಳುತ್ತೇನೆ. ಕಲ್ಲಂಗಡಿ ಮಾರುವವರು ‘ಸಕ್ಕರೆ ಥರ ಇದೆ’ ಎಂದರೂ ಕೇಳುತ್ತೇನೆ. ನಮ್ಮ ಲಿಂಗರಾಜಪುರದಲ್ಲಿ ನನ್ನನ್ನು ಕಂಡರೆ ಕಲ್ಲಂಗಡಿ ಗಾಡಿ ಸ್ವಲ್ಪ ವೇಗವಾಗಿ ಹೋಗುತ್ತದೆ.

ಇಂಥ ನನಗೆ ಈ ಬೇಸಿಗೆಯಲ್ಲಿ ಕಾರಣವಿಲ್ಲದೆ ಎದೆ ಡವಗುಟ್ಟತೊಡಗಿತು. ಕೈ ನಡುಗುತ್ತಿತ್ತು, ತೂಕ ಇಳಿಯುತ್ತಿತ್ತು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, ‘ಥೈರಾಯ್ಡ್ ತುಂಬಾ ಜೋರಾಗಿ ಓಡ್ತಾ ಇದೆ. ಯಾಕೆ ಅಂತ ತಿಳ್ಕೊಳ್ಳೋಕೆ ಒಂದು ಸ್ಕ್ಯಾನ್ ಮಾಡಿಸಿ. ಸ್ವಲ್ಪ ವಿಕಿರಣಶೀಲ ವಸ್ತು ಕೊಟ್ಟು ಕತ್ತಿನ ಚಿತ್ರ ತೆಗೀತಾರೆ’ ಎಂದರು.

ಅಮ್ಮ ಪಕ್ಕದಲ್ಲೇ ಇದ್ದಳು. ‘ಇವಳ ಬಾಯಿ ಕೂಡ ಥೈರಾಯ್ಡಿಂದಾನೇ ಹೀಗಿರೋದಾ ಡಾಕ್ಟರೇ?’ ಎಂದು ಕೇಳಿದಳು. ಡಾಕ್ಟರು ಚೀಟಿ ಬರೆದರು.

ಗುರುವಾರ ಒಬ್ಬಳೇ ಸ್ಕ್ಯಾನಿಗೆ ಹೋದೆ. ಅಲ್ಲಿನ ತಂತ್ರಜ್ಞರು ದಪ್ಪ ಮೀಸೆಯ, ತಾಳ್ಮೆಯ ಮನುಷ್ಯ. ಸೀಸದ ಪೆಟ್ಟಿಗೆಯಿಂದ ಒಂದು ಸಿರಿಂಜು ತೆಗೆದರು. ಸಿರಿಂಜಿಗೂ ಲೋಹದ ಕವಚ. ನಾನು ಬೆಚ್ಚಿಬಿದ್ದೆ.

‘ಒಂದ್ನಿಮಿಷ. ನಿಮಗೆ ಸೀಸದ ಪೆಟ್ಟಿಗೆ, ಸಿರಿಂಜಿಗೆ ಕವಚ, ನನಗೆ ಮಾತ್ರ ಸೀದಾ ರಕ್ತಕ್ಕಾ?’

‘ಮೇಡಂ, ನಾವು ದಿನಾ ಮುಟ್ತೀವಿ, ಅದಕ್ಕೆ. ನಿಮಗೆ ಕೊಡ್ತಿರೋದು ಇದು...’

‘ಇದು ನನ್ನ ಮೊದಲನೇ ಪಾಯಿಂಟ್. ಎರಡನೇದು...’

ಎರಡನೆಯದು ಮುಗಿದಾಗ ಸೂಜಿ ಹೋಗಿ ಬಂದಾಗಿತ್ತು. ಮೂರನೆಯದು ಮುಗಿದಾಗ ಚಿತ್ರವೂ ತೆಗೆದಾಗಿತ್ತು. ಹೊರಡುವಾಗ ಅವರು ಒಂದು ಹಾಳೆ ಕೊಟ್ಟು, ‘ಇದನ್ನೊಂದು ಓದ್ಕೊಳ್ಳಿ ಮೇಡಂ, ಎಲ್ಲಾ ಇದ್ರಲ್ಲಿದೆ. ಸೋಮವಾರ ಬನ್ನಿ’ ಎಂದರು. ಆಸ್ಪತ್ರೆ ಅಚ್ಚು ಹಾಕಿಸಿದ ಹಾಳೆ ಆಸ್ಪತ್ರೆಯ ಪರವಾಗಿಯೇ ಮಾತಾಡುತ್ತದೆ, ಇದು ಸಾಮಾನ್ಯ ತರ್ಕ. ಮಡಚಿ ಬ್ಯಾಗಿಗೆ ಹಾಕಿದೆ. ಸತ್ಯವನ್ನು ಸ್ವತಂತ್ರ ಮೂಲಗಳಿಂದ ತಿಳಿಯುವುದೆಂದು ತೀರ್ಮಾನಿಸಿ ಆಟೋ ಹತ್ತಿದೆ.

ಮನೆಗೆ ಬಂದು ಫೋನಿನಲ್ಲಿ ‘ಥೈರಾಯ್ಡ್, ವಿಕಿರಣ’ ಎಂದು ಹುಡುಕಿದೆ. ಎಲ್ಲ ಕಡೆ ಒಂದೇ ಹೆಸರು, ಅಯೋಡಿನ್. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಎಂದರೆ ಪ್ರಾಣವಂತೆ. ಉಪ್ಪಿನಲ್ಲಿ ಬಂದ ಸಾಧು ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲವಂತೆ. ಎರಡನ್ನೂ ನುಂಗಿ ಕತ್ತಿನಲ್ಲಿ ಕೂರಿಸಿಕೊಳ್ಳುತ್ತದೆ. ಕೂತದ್ದು ಅರ್ಧವಾಗಲು ಎಂಟು ದಿನ. ಬೆವರಿನಲ್ಲಿ ಬರುತ್ತದೆ, ಎಂಜಲಿನಲ್ಲಿ ಬರುತ್ತದೆ. ಬೇರೆ ತಟ್ಟೆ, ಬೇರೆ ಹಾಸಿಗೆ. ಮುಖ್ಯವಾಗಿ, ಗರ್ಭಿಣಿಯರಿಂದ ದೂರ.

ನನ್ನ ಅಕ್ಕ ವಾಣಿಗೆ ಏಳು ತಿಂಗಳು. ಆರು ವರ್ಷ ಕಾದು, ಎಷ್ಟೋ ಆಸ್ಪತ್ರೆ ಹತ್ತಿಳಿದು ನಿಂತ ಗರ್ಭ. ಭಾನುವಾರ ಕೆ.ಆರ್. ಪುರದ ಅವಳ ಮನೆಯಲ್ಲಿ ಸೀಮಂತ. ನಮ್ಮ ಮನೆತನದಲ್ಲಿ ಮೊದಲ ಹಸಿರು ಬಳೆ ತೊಡಿಸಬೇಕಾದವಳು ಬೆನ್ನಿಗೆ ಬಿದ್ದ ತಂಗಿ. ಅಂದರೆ ನಾನು. ಅಂದರೆ ನಾನು ಅವಳ ಹೊಟ್ಟೆಗೆ ಒಂದು ಗೇಣು ದೂರದಲ್ಲಿ ಕೂತು, ಅವಳ ಕೈ ಹಿಡಿದು, ಬೆವರುತ್ತ ಬಳೆ ಏರಿಸಬೇಕು.

ಇನ್ನೂ ಒಂದು ಅನುಮಾನ ಉಳಿದಿತ್ತು. ಇಷ್ಟು ಅಪಾಯವಿದ್ದರೆ ನನ್ನನ್ನು ಮನೆಗೆ ಬಿಟ್ಟದ್ದು ಹೇಗೆ? ಆಗ ಸಿಕ್ಕಿತು ಬೆಕ್ಕಿನ ವಿಷಯ. ಬೆಕ್ಕುಗಳಿಗೂ ವಯಸ್ಸಾದ ಮೇಲೆ ನಮ್ಮಂತೆಯೇ ಥೈರಾಯ್ಡ್ ಕೆರಳುತ್ತದಂತೆ. ಹೊರದೇಶಗಳಲ್ಲಿ ಪಶುವೈದ್ಯರು ಅವಕ್ಕೂ ಈ ಅಯೋಡಿನ್ನೇ ಕೊಟ್ಟು, ವಿಕಿರಣ ಇಳಿಯುವ ತನಕ ಮನೆಗೆ ಕಳಿಸದೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರಂತೆ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನಾಲ್ಕು ಕೇಜಿ ಬೆಕ್ಕಿಗೆ ವಾರ್ಡು, ನಲವತ್ತಾರು ಕೇಜಿ ಮನುಷ್ಯಳಿಗೆ ಆಟೋ! ಆಸ್ಪತ್ರೆಯ ಘೋರ ನಿರ್ಲಕ್ಷ್ಯ ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿತ್ತು.

ಸಂಜೆಯಾಗುವುದರೊಳಗೆ ತಾರಸಿಯ ಮೇಲಿನ ಸಾಮಾನು ಕೋಣೆಗೆ ವಲಸೆ ಹೋದೆ. ಅದು ಕೆಳಗಿನ ಮನೆಯಲ್ಲಿರುವ ನಮ್ಮ ಓನರ್ ಫಿಲೋಮಿನಾ ಆಂಟಿಯದು. ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ದೃಶ್ಯ ತೋರಿಸಲು ಅವರು ಜೋಡಿಸುವ ಗೋದಲಿಯ ಸಾಮಾನೆಲ್ಲ ಅಲ್ಲಿತ್ತು. ಗೋಡೆಗೆ ಒರಗಿಸಿದ್ದ ತಗಡಿನ ಕೊಟ್ಟಿಗೆ, ಹುಲ್ಲು, ಪ್ಲಾಸ್ಟರಿನ ಮೂರು ರಾಜರು, ಒಂದು ಕಿವಿ ಮುರಿದ ಕುರಿ. ಅವರ ನಡುವೆ ಚಾಪೆ ಹಾಸಿದೆ. ಮೆಟ್ಟಿಲ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಇದರಾಚೆ ಯಾರೂ ಬರಕೂಡದು ಎಂದು ಘೋಷಿಸಿದೆ.

ಅಮ್ಮ ಗೆರೆಯ ಕೆಳಗೆ ಅನ್ನದ ತಟ್ಟೆ ಇಟ್ಟು, ನೆಲ ಒರೆಸುವ ಕೋಲಿನಿಂದ ಮೇಲಕ್ಕೆ ತಳ್ಳಿದಳು. ಸಾರು ಅರ್ಧ ಮೆಟ್ಟಿಲಿಗೇ ಆಯಿತು.

‘ಒಂದು ಫೋನ್ ಮಾಡಿ ಆ ಡಾಕ್ಟರ್ನೇ ಕೇಳೋಣ ಕಣೆ.’

‘ಆರೋಪಿನೇ ಸಾಕ್ಷಿ ಮಾಡೋಕಾಗುತ್ತಾ ಅಮ್ಮಾ? ನಿರ್ಲಕ್ಷ್ಯ ಮಾಡಿರೋದೇ ಅವ್ರು. ನಾವು ಮಾಡಿದ್ದು ತಪ್ಪು ಅಂತ ಅವ್ರು ಯಾಕೆ ಒಪ್ಕೋತಾರೆ?’

ಅಮ್ಮ ಕೋಲು ಹಿಡಿದು ಕೆಳಗಿಳಿದಳು. ಆ ಸುತ್ತು ನಾನು ಗೆದ್ದೆ.

ಶುಕ್ರವಾರ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ, ವಿಕಿರಣದ ವಿಷಯವೆಲ್ಲ ಹೇಳಿ, ಸೀಮಂತಕ್ಕೆ ಬರುವುದಿಲ್ಲ ಎಂದೆ.

‘ಸಹನಾ, ಬಾಗಿಲ ಹತ್ರ ನಿಂತ್ಕೋ. ನಾನು ಕೈ ಚಾಚ್ತೀನಿ. ಒಂದೇ ಒಂದು ಬಳೆ ಹಾಕ್ಬಿಟ್ಟು ಹೋಗು.’

‘ಚಾಚಿದ ಕೈ ಎರಡಡಿ ಕಣೆ. ಎರಡಡಿ ಸಾಕು ಅನ್ನೋದಕ್ಕೆ ಆಧಾರ ಏನು?’

‘ಆಧಾರ ಗೀಧಾರ ನಂಗೊತ್ತಿಲ್ಲ. ಡಾಕ್ಟರ್ಗೆ ಒಂದು ಫೋನ್ ಮಾಡಿ ಕೇಳು. ನನಗೋಸ್ಕರ.’

‘ನಿನಗೋಸ್ಕರಾನೇ ಕಣೆ ನಾನು ದೂರ ಇರೋದು.’ ಅಕ್ಕ ಫೋನ್ ಇಟ್ಟಳು. ಆ ಸುತ್ತನ್ನೂ ಗೆದ್ದೆ.

ಶನಿವಾರದ ಗಂಡಾಂತರಕ್ಕೆ ಕಾರಣ ಮೇಜರ್. ಮೇಜರ್ ಎಂದರೆ ಫಿಲೋಮಿನಾ ಆಂಟಿಯ ಬೂದು ಬೆಕ್ಕು. ಮಧ್ಯಾಹ್ನ ಕಣ್ಣು ಹತ್ತಿತ್ತು, ಎಚ್ಚರವಾದಾಗ ಮೇಜರ್ ನನ್ನ ಕತ್ತಿನ ಮೇಲೆ ಗಲ್ಲ ಇಟ್ಟು ಗೊರಗೊರ ಎನ್ನುತ್ತ ಮಲಗಿತ್ತು. ವಿಕಿರಣದ ಕೇಂದ್ರಬಿಂದುವಿನ ಮೇಲೆ! ನಾನು ತಾರಸಿಯ ಅಂಚಿಗೆ ಓಡಿ ಕೂಗಿದೆ.

‘ಆಂಟೀ, ಮೇಜರ್‌ನ ಮುಟ್ಬೇಡಿ. ಅದಕ್ಕೆ ವಿಕಿರಣ ಅಂಟಿದೆ.’

‘ಅಯ್ಯೋ ದೇವರೇ. ಏನಮ್ಮಾ, ಅದು ಕ್ಯಾಟಾ, ಬಾಂಬಾ? ಈಗ ಏನ್ ಮಾಡೋದು?’

ಇಲ್ಲಿ ನಾನು ‘ಗೊತ್ತಿಲ್ಲ’ ಎನ್ನಬಹುದಿತ್ತು. ಆದರೆ ಚರ್ಚೆಯ ವೇದಿಕೆಯಲ್ಲಿ ಆ ಪದವನ್ನು ಯಾರೂ ಕಲಿಸುವುದಿಲ್ಲ. ‘ಚೆನ್ನಾಗಿ ತೊಳೀಬೇಕು’ ಎಂದೆ.

ಆಂಟಿ ಓವನ್ನಿನಿಂದ ಕೇಕ್ ತೆಗೆಯುವ ದಪ್ಪ ಕೈಗವಸು ಹಾಕಿಕೊಂಡು ಮೇಜರನ್ನು ಬಕೆಟ್ಟಿಗೆ ಇಳಿಸಿದರು. ಹನ್ನೊಂದು ವರ್ಷದ ಬಾಳಿನಲ್ಲಿ ಮೇಜರ್ ನೀರು ಕಂಡದ್ದು ಕುಡಿಯುವ ಬಟ್ಟಲಿನಲ್ಲಿ ಮಾತ್ರ. ಗವಸು ಮೊಣಕೈ ತನಕವೂ ಇರಲಿಲ್ಲ. ಮೇಜರ್ ಗವಸು ಮುಗಿಯುವ ಜಾಗ ಹುಡುಕಿ, ಅಲ್ಲಿಂದ ಭುಜದವರೆಗೆ ನಾಲ್ಕು ಗೆರೆ ಎಳೆದು, ಕಾಂಪೌಂಡ್ ಹಾರಿ ಹೋಯಿತು. ಆಂಟಿ ಕ್ಲಿನಿಕ್ಕಿಗೆ ಹೋಗಿ ರೇಬಿಸ್ ಇಂಜೆಕ್ಷನ್ನು ಶುರು ಮಾಡಿಸಿಕೊಂಡು ಬಂದರು.

‘ಬೆಕ್ಕಿಗೆ ಯಾಕೆ ಸ್ನಾನ ಮಾಡ್ಸಿದ್ರಿ ಅಂತ ಡಾಕ್ಟರ್ ಕೇಳಿದ್ರು,’ ಎಂದರು ಕೆಳಗಿನಿಂದ. ‘ರೇಡಿಯೇಷನ್ ಅಂದೆ. ನನ್ ತಲೆಗೆ ಒಂದು ಸ್ಕ್ಯಾನ್ ಬರ್ದಿದ್ದಾರೆ.’

ಇಷ್ಟಾದ ಮೇಲೂ ನನ್ನ ನಿಲುವು ಸಡಿಲವಾಗಲಿಲ್ಲ. ಬದಲಿಗೆ, ಈ ಅನಾಹುತಕ್ಕೂ ಆಸ್ಪತ್ರೆಯೇ ಹೊಣೆ ಎಂದು ಮೂರು ಪುಟದ ದೂರು ಬರೆದೆ. ಬೆಕ್ಕಿನ ವಾದ ಎರಡನೆಯ ಪುಟವನ್ನು ಪೂರ್ತಿ ತುಂಬಿತು.

ಭಾನುವಾರ ಅಮ್ಮ ಒಬ್ಬಳೇ ಸೀಮಂತಕ್ಕೆ ಹೋದಳು. ನಾನು ವಿಡಿಯೊ ಕಾಲ್‌ನಲ್ಲಿ ಹಾಜರಾದೆ. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ, ಅಕ್ಕ ಪೀಠದ ಮೇಲೆ ಕೂತಿದ್ದಳು. ನಾನು ಪರದೆಗೆ ಬಂದದ್ದೇ ತಡ, ದೊಡ್ಡಮ್ಮನ ಮುಖ ಫೋನಿನ ತೀರಾ ಹತ್ತಿರ ಬಂತು.

‘ಇದೇನೇ ಇವಳು ದನದ ಕೊಟ್ಟಿಗೇಲಿ ಕೂತಿದ್ದಾಳೆ? ಹಿಂದೆ ಯಾರೇ ಅವ್ರು, ಕಿರೀಟ ಹಾಕ್ಕೊಂಡು ಮೂರು ಜನ?’

ಅಕ್ಕ ನಗಲಿಲ್ಲ. ‘ಇನ್ನೊಂದು ಸ್ವಲ್ಪ ಹೊತ್ತು ಕಾಯೋಣ. ಬಂದ್ರೂ ಬರ್ತಾಳೆ’ ಎನ್ನುವುದು ಕೇಳಿಸಿತು. ನಾನು ಫೋನಿನಲ್ಲೇ ಇದ್ದೇನೆಂದು ಅವಳಿಗೆ ಗೊತ್ತಿತ್ತು, ಆದರೂ ಬಾಗಿಲ ಕಡೆ ನೋಡುತ್ತಿದ್ದಳು. ಮುಹೂರ್ತ ಮುಗಿಯುತ್ತಿದೆ ಎಂದು ಯಾರೋ ಅವಸರಪಡಿಸಿದರು. ಕೊನೆಗೆ ಭಾವನ ತಂಗಿ ಮುಂದೆ ಬಂದು ಬಳೆ ತೊಡಿಸಿದಳು. ಅಕ್ಕ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಒರೆಸಿಕೊಳ್ಳುತ್ತಿದ್ದ ಕೈ ಒರೆಸಿಕೊಳ್ಳುತ್ತಲೇ ಉಳಿಯಿತು.

ಸೋಮವಾರ ದೂರಿನ ಮೂರು ಪ್ರತಿ ಹಿಡಿದು ಆಸ್ಪತ್ರೆಗೆ ಹೊರಟೆ. ಆಟೋದವರ ಜೀವಕ್ಕೆ ನಾನು ಕುತ್ತಾಗಬಾರದಲ್ಲ, ಆದ್ದರಿಂದ ಫ್ರೇಜರ್ ಟೌನ್ ದಾಟಿ ಅಷ್ಟೂ ದೂರ ನಡೆದೇ ಹೋದೆ. ಎದುರು ಮಕ್ಕಳು ಬಂದರೆ ರಸ್ತೆಯ ಆ ಬದಿ, ಆ ಬದಿಯಲ್ಲೂ ಬಂದರೆ ನಟ್ಟನಡುವೆ. ಒಬ್ಬ ಬೈಕಿನವನು, ‘ಮೇಡಂ, ಒಂದು ಸೈಡ್ ಡಿಸೈಡ್ ಮಾಡಿ’ ಎಂದು ಬೈದು ಹೋದ.

ಬಿಸಿಲಲ್ಲಿ ಒದ್ದೆಮುದ್ದೆಯಾಗಿ ತಲುಪಿ, ಕೌಂಟರಿನಿಂದ ಹತ್ತಡಿ ದೂರ ನಿಂತು, ಕಾಯುತ್ತ ಕೂತಿದ್ದ ಎಲ್ಲರಿಗೂ ಕೇಳುವಂತೆ ವಾದ ಮಂಡಿಸಿದೆ. ಬೆಕ್ಕಿನ ಭಾಗಕ್ಕೆ ಬಂದಾಗ ಒಬ್ಬ ಅಜ್ಜ ತಲೆದೂಗಿದರು. ಅದೇ ಮೀಸೆಯ ತಂತ್ರಜ್ಞರು ಹೊರಗೆ ಬಂದು ಕೊನೆಯ ತನಕ ಕೇಳಿಸಿಕೊಂಡರು. ಆಮೇಲೆ ಒಳಗಿನಿಂದ ವಿಕಿರಣ ಅಳೆಯುವ ಮೀಟರು ತಂದು ನನ್ನ ಕತ್ತಿಗೆ ಹಿಡಿದರು. ಮುಳ್ಳು ಚೂರು ಅಲ್ಲಾಡಿತು. ಅದನ್ನೇ ಎದುರಿನ ಗೋಡೆಗೆ ಹಿಡಿದರು. ಅಷ್ಟೇ ಅಲ್ಲಾಡಿತು.

‘ನೀವೂ ಗೋಡೆನೂ ಒಂದೇ ಮೇಡಂ,’ ಎಂದರು. ‘ಬೆಕ್ಕಿಗೆ ಕೊಡೋದು ಟ್ರೀಟ್‌ಮೆಂಟು. ಅದು ಅಯೋಡಿನ್. ನಿಮಗೆ ಬರೀ ಫೋಟೋ ತೆಗೆದಿದ್ದು. ಕೊಟ್ಟಿದ್ದು ಟೆಕ್ನೀಷಿಯಂ. ಆರು ಗಂಟೆಗೆ ಅರ್ಧ ಆಗುತ್ತೆ, ಇನ್ನಾರು ಗಂಟೆಗೆ ಅದರಲ್ಲೂ ಅರ್ಧ. ಗುರುವಾರದ್ದು ಶುಕ್ರವಾರಾನೇ ಹೆಚ್ಚೂಕಮ್ಮಿ ಖಾಲಿ.’

ಟೆಕ್ನೀಷಿಯಂ! ಹತ್ತನೇ ಕ್ಲಾಸಿನಲ್ಲಿ ಮೂಲವಸ್ತುಗಳ ಕೋಷ್ಟಕ ಬಾಯಿಪಾಠ ಮಾಡಿದವಳು ನಾನು. ನಲವತ್ತಮೂರನೆಯ ಮನೆ.

‘ಅವತ್ತೇ ಹೇಳ್ಬೇಕಿತ್ತು ತಾನೇ?’

‘ಮೂರು ಸಲ ಶುರು ಮಾಡ್ದೆ. ನೀವು ಎರಡನೇ ಪಾಯಿಂಟಿಗೆ ಹೋಗ್ಬಿಟ್ರಿ. ಅದಕ್ಕೇ ಹಾಳೆ ಕೊಟ್ಟೆ.’

ಬ್ಯಾಗು ತಡಕಿದೆ. ಮಡಿಕೆ ಬಿಚ್ಚಿದರೆ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲೇ ಇತ್ತು: ‘ಇಂದು ಒಂದು ದಿನ ಗರ್ಭಿಣಿಯರಿಂದ ಹಾಗೂ ಹಸುಗೂಸುಗಳಿಂದ ದೂರವಿರಿ. ನಾಳೆಯಿಂದ ಎಂದಿನಂತೆ ಇರಬಹುದು.’ ಓದಲು ಹತ್ತು ಸೆಕೆಂಡು ಸಾಕಿತ್ತು. ದೂರಿನ ಮೂರು ಪ್ರತಿಗಳನ್ನೂ ಮಡಚಿ ಅದೇ ಬ್ಯಾಗಿಗೆ ಹಾಕಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಡಾಕ್ಟರು ಚಿತ್ರ ತೋರಿಸಿದರು. ‘ಗ್ರಂಥಿಗೆ ಉರಿಯೂತ ಆಗಿದೆ ಅಷ್ಟೆ. ಕೆಲವು ತಿಂಗಳಲ್ಲಿ ತಾನಾಗೇ ಸರಿಹೋಗೋದೇ ಹೆಚ್ಚು. ನಡುಕಕ್ಕೆ ಮಾತ್ರೆ ಬರೀತೀನಿ. ಇಲ್ನೋಡಿ, ಕೊಟ್ಟ ಔಷಧಿನ ನಿಮ್ಮ ಥೈರಾಯ್ಡ್ ಸರಿಯಾಗಿ ತಗೊಂಡೇ ಇಲ್ಲ.’ ಅಂದರೆ ನಾನು ಯಾವುದನ್ನು ಕತ್ತಿನಲ್ಲಿ ಹೊತ್ತು ನಾಲ್ಕು ದಿನ ವನವಾಸ ಮಾಡಿದೆನೋ ಅದು ಕತ್ತಿಗೆ ಸರಿಯಾಗಿ ಹೋಗಿಯೇ ಇರಲಿಲ್ಲ. ನನ್ನ ಥೈರಾಯ್ಡ್ ಕೂಡ ಆಧಾರ ಕೇಳಿ ವಾಪಸ್ಸು ಕಳಿಸಿತ್ತು.

ಹಲಸೂರಿನಲ್ಲಿ ಮೆಟ್ರೋ ಹತ್ತಿ ಸೀದಾ ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದವಳು ಮೊದಲು ಎರಡು ಹೆಜ್ಜೆ ಹಿಂದೆ ಸರಿದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಕಲಿಸಿದ ಪಾಠ. ಹಾಗೆ ಅವಳು ಹಿಂದೆ ಸರಿದದ್ದನ್ನು ನೋಡುವುದಕ್ಕಿಂತ ಎದುರಾಳಿ ತಂಡದಿಂದ ಹತ್ತು ಸಲ ಸೋಲುವುದು ವಾಸಿ.

ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಮೀಟರು, ಗೋಡೆ, ಹಾಳೆ, ಯಾವುದನ್ನೂ ಬಿಡದೆ. ಅಕ್ಕ ಹಾಳೆ ಇಸಿದುಕೊಂಡು ಎರಡು ಸಲ ಓದಿದಳು.

‘ನಾಳೆಯಿಂದ ಎಂದಿನಂತೆ,’ ಎಂದಳು. ‘ಇಷ್ಟೇನಾ?’

‘ಇಷ್ಟೇ.’

‘ನನಗೋಸ್ಕರ ದೂರ ಇದ್ದೆ, ಅದು ಗೊತ್ತು ಕಣೆ. ಆದ್ರೆ ನಾನು ಕೇಳಿದ್ದು ಒಂದೇ ಒಂದು ಫೋನ್. ಅದನ್ನ ಬಿಟ್ಟು ಬೇರೆಲ್ಲಾ ಮಾಡಿದ್ಯಲ್ಲ.’

ಅಕ್ಕ ನನ್ನ ರಟ್ಟೆ ಹಿಡಿದು ಒಳಗೆಳೆದು, ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕೂರಿಸಿಕೊಂಡಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು.

‘ಇನ್ಮೇಲೆ ಆ ಆಸ್ಪತ್ರೆಗೆ ನೀನೊಬ್ಬಳೇ ಹೋಗೋ ಹಾಗಿಲ್ಲ. ಮುಂದಿನ ಸ್ಕ್ಯಾನಿಗೆ ನಾನೇ ಜೊತೇಲಿ ಬರ್ತೀನಿ. ಅವ್ರು ಹೇಳಿದ್ದನ್ನ ನಾನು ಕೇಳಿಸ್ಕೋತೀನಿ. ನೀನು ಬಾಯಿ ಮುಚ್ಕೊಂಡು ಕೂತಿರ್ಬೇಕು. ಗೊತ್ತಾಯ್ತಾ?’

ಆ ಸ್ಕ್ಯಾನ್ ವಿಭಾಗದ ಬಾಗಿಲ ಮೇಲೆ ಗರ್ಭಿಣಿಯರಿಗೆ ಪ್ರವೇಶವಿಲ್ಲ ಎಂದು ಮೂರು ಭಾಷೆಯಲ್ಲಿ ಬರೆದಿದ್ದಾರೆ. ಆ ಬೆಳಿಗ್ಗೆಯಷ್ಟೇ ಅದನ್ನು ಪೂರ್ತಿ ಓದಿಕೊಂಡು ಬಂದಿದ್ದೆ. ಐದು ದಿನಗಳಲ್ಲಿ ಮೊದಲ ಬಾರಿಗೆ ನನ್ನ ಬಳಿ ಆಧಾರಸಹಿತವಾದ, ಖಂಡಿತವಾಗಿ ಗೆಲ್ಲುವ ಪಾಯಿಂಟ್ ಒಂದಿತ್ತು.

‘ಗೊತ್ತಾಯ್ತು’ ಎಂದೆ.