ಸಂಜೆ ಐದರೊಳಗೆ ಮರಿ

ಹೆಣ್ಣು ಮೀನು ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದೇ ಆ ಭಾನುವಾರದ ರಾದ್ಧಾಂತಕ್ಕೆಲ್ಲ ಮೂಲ.

ಪಶ್ಚಿಮ ಆಫ್ರಿಕಾದ ಹೊಳೆಗಳ ಕುಳ್ಳ ಸಿಕ್ಲಿಡ್ ಮೀನುಗಳ ಜೋಡಿ ಅದು. ಗಂಡು ಬೆರಳುದ್ದ, ಹೆಣ್ಣು ಅದಕ್ಕಿಂತ ಚಿಕ್ಕದು. ಆದರೆ ಹೊಟ್ಟೆ ಮಾತ್ರ ಮಾಗಿದ ಹಣ್ಣಿನಂತೆ ಕೆಂಪು. ಕನ್ನಡಕದಂಗಡಿಯ ಗುಮಾಸ್ತ ಇವನ್ನು ತಂದು ನಾಲ್ಕು ತಿಂಗಳಾಗಿತ್ತು. ಗಾಜಿನ ತೊಟ್ಟಿ ಕೂತಿದ್ದು ಊಟದ ಮೇಜಿನ ಮೇಲೆ, ಹಾಗಾಗಿ ಮನೆಯವರು ಊಟಕ್ಕೆ ಕೂರುತ್ತಿದ್ದುದು ನೆಲದ ಮೇಲೆ. ಮೊಟ್ಟೆ ಇಡಲೆಂದು ಒಂದು ಹೂಕುಂಡದ ಅಂಚು ಒಡೆದು ಬಾಗಿಲು ಮಾಡಿ, ನೀರಿನೊಳಗೆ ಬೋರಲು ಹಾಕಿದ್ದ. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರು, "ದಂಪತಿಗಳಿಗೆ ಸ್ವಲ್ಪ ಮರೆ ಬೇಡವೇನ್ರೀ?" ಎಂದದ್ದಕ್ಕೆ ಅದರ ಬಾಗಿಲನ್ನು ಗೋಡೆಯ ಕಡೆ ತಿರುಗಿಸಿದ್ದೂ ಆಯಿತು. ಮರಿ ಮಾತ್ರ ಆಗಲಿಲ್ಲ.

"ಇವತ್ತು ಸಂಜೆ ಐದರವರೆಗೆ ನೋಡ್ತೀನಿ," ಎಂದಳು ಹೆಂಡತಿ. "ಮರಿ ತೋರಿಸಿದ್ರೆ ತೊಟ್ಟಿ ಇರಲಿ. ಇಲ್ದಿದ್ರೆ ಕೆಳಗಿನ ಹಲ್ಲಿನ ಡಾಕ್ಟರಿಗೆ. ರೋಗಿಗಳಿಗೆ ನೋಡೋಕಿರ್ಲಿ ಅಂತ ಅವರು ಎರಡು ಸಲ ಕೇಳಿದಾರೆ."

ಗುಮಾಸ್ತ ತೊಟ್ಟಿಗೆ ಮೂಗು ಒತ್ತಿದ. ಗಂಡು ಮೀನು ಬೀಗದಕೈ ಕಳೆದುಕೊಂಡವನ ಹಾಗೆ ಕುಂಡಕ್ಕೆ ಸುತ್ತು ಹಾಕುತ್ತಿತ್ತು. ಹತ್ತಿರ ಹೋದರೆ ಸಾಕು, ಕೆಂಪು ಹೊಟ್ಟೆ ಒಳಗಿಂದ ಬಾಣದಂತೆ ನುಗ್ಗಿ ಬಂದು ಅಟ್ಟುತ್ತಿತ್ತು.

"ಅವನಿಗೆ ಶಿಸ್ತಿಲ್ಲ," ಎಂದರು ಕಾಫಿಗೆ ಬಂದಿದ್ದ ಹೆಡ್‌ಮಾಸ್ತರು.

ಎದುರು ಮನೆಯ ನರ್ಸಮ್ಮನನ್ನು ಕರೆಸಿದ್ದಾಯಿತು. ಆಕೆ ಕನ್ನಡಕ ಏರಿಸಿ ಐದು ನಿಮಿಷ ನೋಡಿದರು. "ಮೂವತ್ತು ವರ್ಷ ಹೆರಿಗೆ ವಾರ್ಡಲ್ಲಿ ಇದ್ದೋಳು ನಾನು. ಮುಖ ನೋಡಿದ್ರೇ ಗೊತ್ತಾಗುತ್ತೆ. ಇಲ್ಲಿ ಏನೂ ಇಲ್ಲಪ್ಪ. ಇವಳಿಗೆ ಇವನನ್ನ ಕಂಡ್ರೇ ಆಗಲ್ಲ, ಅಷ್ಟೇ."

ಗುಮಾಸ್ತ ಗಡಿಯಾರ ನೋಡಿದ. ಚಪ್ಪಲಿ ಮೆಟ್ಟಿ ಮೀನಿನಂಗಡಿಗೆ ಓಡಿದ.

"ಈ ಜಾತಿಯ ಮರಿ ಇಲ್ಲ, ಗಪ್ಪಿ ಮರಿ ಇದೆ," ಎಂದ ಅಂಗಡಿಯವನು. "ಮೀನಿನ ಊಟಕ್ಕಾ, ಸಾಕೋಕಾ?"

"ತೋರಿಸೋಕೆ," ಎಂದ ಗುಮಾಸ್ತ.

ನಾಲ್ಕೂಮುಕ್ಕಾಲಿಗೆ ಹೆಂಡತಿ ಮುಖ ತೊಳೆಯಲು ಹೋದಳು. ಜೇಬಿನ ಪ್ಲಾಸ್ಟಿಕ್ ಚೀಲದಿಂದ ಎಂಟು ಗಪ್ಪಿ ಮರಿ ತೊಟ್ಟಿಗಿಳಿದವು. ಚೀಲ ಮುದುರಿ ಮತ್ತೆ ಜೇಬು ಸೇರಿದ್ದೇ ತಡ, "ಮರಿ! ಮರಿ!" ಎಂದು ಕೂಗಿದ.

ಹೆಂಡತಿ ಸೋಪಿನ ಮುಖದಲ್ಲೇ ಓಡಿಬಂದಳು. ಹೆಡ್‌ಮಾಸ್ತರು, ನರ್ಸಮ್ಮ ಇಬ್ಬರೂ ಧಾವಿಸಿದರು.

"ನಾನು ಹೇಳಲಿಲ್ವಾ!" ಎಂದರು ನರ್ಸಮ್ಮ.

"ಅಯ್ಯೋ, ಎಷ್ಟು ಮುದ್ದಾಗಿವೆ ರೀ!" ಹೆಂಡತಿಯ ದನಿಯೇ ಬೇರೆಯಾಗಿತ್ತು. "ಒಂದು, ಎರಡು, ಮೂರು..."

ನಾಲ್ಕು ಎನ್ನುವಷ್ಟರಲ್ಲಿ ಕುಂಡದಿಂದ ಕೆಂಪು ಹೊಟ್ಟೆ ನುಗ್ಗಿತು, ಆ ಕಡೆಯಿಂದ ಗಂಡೂ ನುಗ್ಗಿತು. ಇಡೀ ದಿನ ಜಗಳವಾಡಿದ್ದ ದಂಪತಿಗಳಲ್ಲಿ ಈಗ ಎಂಥ ಒಗ್ಗಟ್ಟು! ಹೆಡ್‌ಮಾಸ್ತರು ಕನ್ನಡಕ ಒರೆಸಿ ಹಾಕಿಕೊಳ್ಳುವುದರೊಳಗೆ ಎಂಟೂ ಮುಗಿದಿದ್ದವು.



"ಹೆತ್ತ ಮಕ್ಕಳನ್ನೇ..." ಎಂದರು ನರ್ಸಮ್ಮ, ಸೆರಗು ಬಾಯಿಗಿಟ್ಟು.

ಹೆಂಡತಿಯ ಕಣ್ಣಲ್ಲಿ ನೀರು. ಸೋಪಿನದೋ, ದುಃಖದ್ದೋ ಹೇಳುವುದು ಕಷ್ಟ. "ಮರಿಯೇನೋ ತೋರಿಸಿದ್ರಿ. ಆದ್ರೆ ಇಂಥ ಪಾಪಿಗಳು ಊಟದ ಮೇಜಿನ ಮೇಲಿರೋದು ಬೇಡ. ಎತ್ತಿ."

ಅವು ಈ ಮೀನುಗಳ ಮಕ್ಕಳೇ ಅಲ್ಲ ಎಂದು ಹೇಳುವ ಹಾಗಿಲ್ಲ. ಹೇಳಿದರೂ ತೊಟ್ಟಿ ಹೋಗುತ್ತದೆ, ಜೊತೆಗೆ ಮಾನವೂ ಹೋಗುತ್ತದೆ. ಗುಮಾಸ್ತ ಮುಕ್ಕಾಲು ಪಾಲು ನೀರನ್ನು ಬಕೆಟ್ಟುಗಳಿಗೆ ಮೊಗೆದ. ಮೀನು, ಕುಂಡ ಇದ್ದ ಹಾಗೆಯೇ ತೊಟ್ಟಿಯನ್ನು ನಾಲ್ವರೂ ಹಿಡಿದು, "ಮೆಲ್ಲಗೆ, ಮೆಲ್ಲಗೆ" ಎನ್ನುತ್ತ ಮೆಟ್ಟಿಲಿಳಿದರು.

ಹಲ್ಲಿನ ಡಾಕ್ಟರು ರಜೆಯ ದಿನವೂ ಬಾಗಿಲು ತೆರೆದು ಕಾದಿದ್ದರು. ರೋಗಿಗಳ ಕುರ್ಚಿಗೆ ಎದುರಾಗಿ ತೊಟ್ಟಿ ಇಟ್ಟು, ನೀರು ತುಂಬಿಸಿ, ದೀಪ ಹಾಕಿದರು. ಈಗ ಕುಂಡದ ಬಾಗಿಲು ಜನರ ಕಡೆಗಿತ್ತು.

ನೀರು ತಿಳಿಯಾಯಿತು. ಕುಂಡದಿಂದ ಕೆಂಪು ಹೊಟ್ಟೆ ಮೆಲ್ಲಗೆ ಹೊರಬಂತು. ಹಿಂದೆಯೇ ಯಾರೋ ಮುಷ್ಟಿ ಸಾಸಿವೆ ಚೆಲ್ಲಿದಂತೆ ಮರಿಗಳು, ನೂರೋ ನೂರಿಪ್ಪತ್ತೋ! ಗಂಡು ಹಿಂದೆ ಕಾವಲು. ಹಿಂದುಳಿದ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಮೆತ್ತಗೆ ಗುಂಪಿಗೆ ಉಗುಳಿತು.

"ಅಬ್ಬಾ, ತಮ್ಮ ಮಕ್ಕಳನ್ನ ಎಷ್ಟು ಜೋಪಾನ ಮಾಡ್ತವೆ ನೋಡಿ!" ಎಂದರು ಡಾಕ್ಟರು.

ಗುಮಾಸ್ತ ಕುಣಿದೇಬಿಟ್ಟ. "ನೋಡ್ದೇನೇ! ಮರಿ! ಎಲ್ಲ ನಮ್ಮವೇ! ಪಾಪಿಗಳೂ ಅಲ್ಲ, ಏನೂ ಅಲ್ಲ. ತಮ್ಮ ಮಕ್ಕಳನ್ನ ಮುಟ್ಟೋದೇ ಇಲ್ಲ ಇವು. ನಡಿ, ತೊಟ್ಟಿ ಮೇಲಕ್ಕೆ ತಗೊಂಡು ಹೋಗೋಣ!"

ಹೆಂಡತಿ ಮರಿಗಳನ್ನು ನೋಡಿದಳು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಹಾಗಾದ್ರೆ ರೀ, ಆಗ ಮೇಲೆ ತಿಂದಿದ್ದು ಯಾರ ಮಕ್ಕಳನ್ನ?"

ಗುಮಾಸ್ತ ಹಿಂದಿದ್ದ ಕುರ್ಚಿಯಲ್ಲಿ ಕುಸಿದ. ಅದು ಹಲ್ಲು ಕೀಳುವ ಕುರ್ಚಿ. ತೆರೆದ ಬಾಯಿ ತೆರೆದೇ ಇತ್ತು. ಅದರಿಂದ ಒಂದು ಮಾತೂ ಕೀಳಲಾಗಲಿಲ್ಲ.