ಬಾಯಿಲ್ಲದ ಹೆಂಗಸಿಗೆ ಕಾಂತರಾಜರ ಭಾಷ್ಯ

“ಇವತ್ತು ಅಲ್ಲಿ ಮಾತೆಲ್ಲ ನಂದು!” ಸಾಗರ ಬಿಡುವಾಗಲೇ ಕಾಂತರಾಜರು ಘೋಷಿಸಿಬಿಟ್ಟರು.

ಹೊರಟಿದ್ದು ಹೊಸನಗರಕ್ಕೆ, ಮಗ ದಿನೇಶನಿಗೆ ಹೆಣ್ಣು ನೋಡಲು. ದಿನೇಶನೂ ಹುಡುಗಿ ಸ್ವಪ್ನಾಳೂ ಆಗಲೇ ಒಪ್ಪಿಕೊಂಡಾಗಿತ್ತು. ಹಿರಿಯರು ಕೆಡಿಸದಿದ್ದರೆ ಸಾಕಿತ್ತು. ಆದರೆ ಹುಡುಗಿ ಚಿತ್ರ ಬರೆಯುತ್ತಾಳೆಂದು ತಿಳಿದ ಕಾಂತರಾಜರು ವಾರವಿಡೀ ಮೊಬೈಲಿನಲ್ಲಿ ನವ್ಯಕಲೆಯ ವಿಡಿಯೋ ನೋಡಿ ಮಹಾಪಂಡಿತರಾಗಿದ್ದರು!

“ಅಲ್ಲಿ ಬಾಯಿ ಬಿಡ್ಬೇಡಿ ಮಾರಾಯ್ರೆ, ಹುಡ್ಗನ ಬಾಳು,” ಎಂದರು ಹೆಂಡತಿ ಯಶೋಧಮ್ಮ.

“ನೀ ಸುಮ್ನಿರು. ಕಲೆ ಅಂದ್ರೆ ನಿಂಗೆಂತ ಗೊತ್ತು?”

ಹುಡುಗಿಯ ಅಪ್ಪ ಯೋಗರಾಜರ ಪಡಸಾಲೆಯಲ್ಲಿ ದೊಡ್ಡದೊಂದು ಚಿತ್ರವಿತ್ತು. ಅದು ಹೆಂಗಸೆನ್ನಲು ಮೂಗುತಿಯೊಂದೇ ಆಧಾರ! ಹಸಿರು ಮುಖ, ಎರಡೂ ಕಣ್ಣು ಒಂದೇ ಕೆನ್ನೆಯ ಮೇಲೆ. ಬಾಯಿಯಂತೂ ಇಲ್ಲವೇ ಇಲ್ಲ.

“ನಮ್ ಸ್ವಪ್ನಾ ಬರ್ದಿದ್ದು. ನಂಗಂತೂ ತಲೆಬುಡ ಅರ್ಥ ಆಗ್ಲಿಲ್ಲ,” ಎಂದರು ಯೋಗರಾಜರು.

ಅಷ್ಟು ಸಾಕಾಯಿತು. ಕಾಂತರಾಜರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದು ನಿಂತರು.

“ಬಾಯಿ ಯಾಕಿಲ್ಲ? ಆ ಮನೇಲಿ ಮಾತೆಲ್ಲ ಗಂಡಂದೇ! ಕಣ್ಣು ಯಾಕೆ ಒಂದೇ ಕಡೆ? ಅವ್ನು ಯಾವಾಗ ಕಾಫಿಗೆ ಕೂಗ್ತಾನೋ ಅಂತ ನೋಡಿ ನೋಡಿ ಆ ಕಡೆಗೇ ಸರ್ಕೊಂಡಿದಾವೆ!”

ಯಶೋಧಮ್ಮ ಪಂಚೆಯ ಚುಂಗು ಹಿಡಿದು ಎಳೆದರು. ಭಾಷಣಕಾರರಿಗೆ ಅದೂ ಪ್ರೋತ್ಸಾಹವೇ.

“ನೀ ಸುಮ್ನಿರು! ಇನ್ನು ಇದು ಹಸಿರಲ್ಲ ಸ್ವಾಮಿ, ಪಿತ್ತ! ಇಂಥ ಗಂಡನ ಜೊತೆ ಬಾಳಿದ್ರೆ ಪಿತ್ತ ನೆತ್ತಿಗೇರದೆ ಮತ್ತೆಂತ ಆಗ್ತದೆ? ಆ ಮೂರ್ಖ ಯಾರೋ, ಒಂದ್ಸಲ ನನ್ ಕೈಗೆ ಸಿಗ್ಲಿ!”

ಯೋಗರಾಜರ ಮುಖ ಕೆಂಪಾಯಿತು. “ಅದು... ಅವ್ಳ ಅಮ್ಮನ ಚಿತ್ರ.”

ಪಂಡಿತರು ಮೆಲ್ಲನೆ ಕೂತು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡರು. ದಿನೇಶ ತಲೆಯ ಮೇಲೆ ಕೈಹೊತ್ತು ಕೂತ. ಪಾಪದ ಹುಡುಗ, ಕೂಡಿಬಂದ ಮದುವೆಯನ್ನು ಹೆತ್ತಪ್ಪನೇ ಉಪ್ಪಿಟ್ಟು ಆರುವುದರೊಳಗೆ ಮುರಿದು ಹಾಕಿದ್ದ!

ಅಷ್ಟರಲ್ಲಿ ಕಾಫಿ ತಂದು ಬಾಗಿಲಲ್ಲೇ ನಿಂತಿದ್ದ ಸ್ವಪ್ನಾಳ ತಾಯಿ ಕಿಸಕ್ಕನೆ ನಕ್ಕರು.

“ಅಂತೂ ಒಬ್ರಿಗಾದ್ರೂ ಅರ್ಥ ಆಯ್ತಲ್ಲ! ನಂಗೆ ಈ ಸಂಬಂಧ ಒಪ್ಗೆ. ಅಲ್ಲ ಬೀಗ್ರೆ, ನಮ್ಮನೆ ವಿಷ್ಯ ಇಷ್ಟ್ ಸರಿಯಾಗಿ ನಿಮ್ಗೆ ಹೆಂಗ್ ಗೊತ್ತಾಯ್ತು?”

ಹೋದ ಜೀವ ಮರಳಿ ಬಂದ ಕಾಂತರಾಜರು ಎದೆಯುಬ್ಬಿಸಿ ಬಾಯಿ ತೆರೆದರು. ಯಶೋಧಮ್ಮ ಬಿಡಲಿಲ್ಲ.

“ದಿನಾ ಕನ್ನಡಿ ಎದ್ರು ನಿಂತು ಗಡ್ಡ ಹೆರೀತಾರಲ್ಲ ಬೀಗಿತಿ, ಆಗ ನೋಡಿರ್ತಾರೆ!”